ಮುರಿದುಕೊಂಡ ತೆರಿಗೆ ತಾನಾಗಿ ಮರಳದು

ಮುಂಗಾರಿನ ಮೊದಲ ಹದಮಳೆ ಬಿದ್ದ ವಾರ ರೈತ ಸಂಪರ್ಕ ಕೇಂದ್ರದಲ್ಲಿ ಕಾಲಿಡಲು ಜಾಗವಿರುವುದಿಲ್ಲ. 2025ರ ಜೂನಿನಲ್ಲಿಯೂ ಹಾಗೆಯೇ ಆಗಿತ್ತು. ಸೋಯಾಬೀನ್ ಬೀಜದ ಸರದಿ ಬಾಗಿಲಾಚೆಗೂ ಬೆಳೆದಿತ್ತು. ಆ ಸರದಿಯಲ್ಲಿ ನಿಂತ ಹಿರಿಯ ರೈತರೊಬ್ಬರು ಉತಾರದ ಜೊತೆಗೆ ಮಡಿಚಿದ ಇನ್ನೊಂದು ಕಾಗದವನ್ನು ನನ್ನ ಮುಂದೆ ಇಟ್ಟರು. ಬೀಜ ಆಮೇಲೆ, ಮೊದಲು ಇದನ್ನು ಓದಿ ಹೇಳಿರಿ ಎಂದರು.

ಅದು ಭೂಸ್ವಾಧೀನ ಪರಿಹಾರದ ಹಣ ಪಾವತಿಯಾದ ಚೀಟಿ. ಕಾಲುವೆಗೆ ಹೋದ ಅವರ ಜಮೀನಿಗೆ ಕೊಟ್ಟ ದರ ಸಾಲದೆಂದು ಹಾಕಿದ ದಾವೆ ಬಹಳ ವರ್ಷ ನಡೆದು, ಕೊನೆಗೆ ಹೆಚ್ಚಿನ ಪರಿಹಾರವೂ ಅದರ ಮೇಲಿನ ಬಡ್ಡಿಯೂ 2023-24ರಲ್ಲಿ ಕೈಸೇರಿದ್ದವು. ಬಡ್ಡಿಯ ಬಾಬು 4 ಲಕ್ಷ ರೂಪಾಯಿ. ಅದರಲ್ಲಿ 80 ಸಾವಿರ ರೂಪಾಯಿ ವರಮಾನ ತೆರಿಗೆ ಎಂದು ಕಡಿತವಾಗಿತ್ತು.

"ಸಾಹೇಬ್ರ, ಒಕ್ಕಲುತನಕ್ಕ ಟ್ಯಾಕ್ಸ್ ಇಲ್ಲಂತ ಎಲ್ಲಾರೂ ಹೇಳತಾರ. ಮತ್ತ ನನ್ನ ರೊಕ್ಕದಾಗ ಎಂಬತ್ತು ಸಾವಿರ ಯಾಕ ಮುರಕೊಂಡಾರ?"

"ಕಾಕಾ, ರೊಕ್ಕ ಕೊಡೂ ಮುಂದ ಆಫೀಸಿನ್ಯಾಗ ಪಾನ್ ಕಾರ್ಡ್ ಕೊಟ್ಟಿದ್ರೇನು?" ಎಂದೆ.

"ಕಾರ್ಡ್ ಮನಿಯಾಗ ಐತ್ರಿ. ಕೇಳಿದ್ರ ಕೊಡತಿದ್ದೆ. ಯಾರೂ ಕೇಳಲಿಲ್ಲ, ನಾನೂ ಕೊಡಲಿಲ್ಲ."

ರೈತ ಬಾಂಧವರೇ, ಈ ಎರಡು ಮಾತಿನಲ್ಲಿ ನಮ್ಮ ಭಾಗದ ಅನೇಕ ಮನೆಗಳ ಕಥೆ ಅಡಗಿದೆ. ಘಟಪ್ರಭೆಗೆ ಹಿಡಕಲ್ಲಿನಲ್ಲಿ ಕಟ್ಟಿದ ರಾಜಾ ಲಖಮಗೌಡ ಜಲಾಶಯ, ಅದರ ಕಾಲುವೆಗಳು, ಸಂಕೇಶ್ವರ ಯಮಕನಮರಡಿಗಳನ್ನು ಹಾಯ್ದು ಹೋಗುವ ಪುಣೆ-ಬೆಂಗಳೂರು ಹೆದ್ದಾರಿ ಇವೆಲ್ಲ ಭೂಮಿಯನ್ನು ಬೇಡಿದ ಕೆಲಸಗಳು. ನೀರು ಬಂತು, ರಸ್ತೆ ಬಂತು. ಭೂಮಿ ಕೊಟ್ಟವರ ದಾವೆಗಳೂ ನಡೆದವು. ದಾವೆ ಗೆದ್ದವರ ಹಣದಲ್ಲಿ ಒಂದು ಪಾಲು ತೆರಿಗೆಯೆಂದು ಕಡಿತವಾದಾಗ, ಸರಕಾರ ತೆಗೆದುಕೊಂಡಿದ್ದು ತಿರುಗಿ ಬರುವುದುಂಟೇ ಎಂದು ಕೈಚೆಲ್ಲಿ ಕುಳಿತವರೇ ಬಹಳ. ಆದರೆ ಕಡಿತವಾದ ತೆರಿಗೆ ಎಂದರೆ ಕೊಡಬೇಕಾದ ತೆರಿಗೆ ಎಂದರ್ಥವಲ್ಲ. ಹೆಚ್ಚಾಗಿ ಕಡಿತವಾದದ್ದು ನಿಮ್ಮದೇ ಹಣ. ಅದು ಮರಳಿ ಬರುತ್ತದೆ. ಕೇಳದೆ ಮಾತ್ರ ಬರುವುದಿಲ್ಲ. ಕೇಳುವ ಕ್ರಮಕ್ಕೇ ರಿಟರ್ನ್ ಸಲ್ಲಿಸುವುದು ಎಂದು ಹೆಸರು.

ಒಕ್ಕಲುತನಕ್ಕೆ ತೆರಿಗೆ ಇಲ್ಲವೆಂಬುದು ಸರಿಯಾದ ಮಾತೇ. ನಮ್ಮ ದೇಶದಲ್ಲಿ ವರಮಾನ ತೆರಿಗೆ 1860ರಲ್ಲಿ ಬಂತು. 1886ರ ಕಾಯಿದೆಯಲ್ಲಿ ಕೃಷಿ ವರಮಾನವನ್ನು ಅದರಿಂದ ಹೊರಗಿಡಲಾಯಿತು. 1961ರ ಕಾಯಿದೆಯ 10ನೆಯ ಕಲಮಿನ ಮೊದಲ ಬಾಬೇ ಕೃಷಿ ವರಮಾನದ ವಿನಾಯಿತಿ. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಹೊಸ ಕಾಯಿದೆಯೂ ಈ ವಿನಾಯಿತಿಯನ್ನು ಉಳಿಸಿಕೊಂಡಿದೆ. ಆದರೆ ವಿನಾಯಿತಿ ಇರುವುದು ಕೃಷಿ ವರಮಾನಕ್ಕೆ. ಕೃಷಿಕನ ಎಲ್ಲ ವರಮಾನಕ್ಕಲ್ಲ. ಕಬ್ಬಿನ ಬಿಲ್ಲು, ಗೋವಿನಜೋಳ ಮಾರಿದ ಹಣ, ಹೊಲದ ಲಾವಣಿ ಇವು ಕೃಷಿ ವರಮಾನ. ಸಸಿ ಬೆಳೆಸಿ ಮಾರುವ ನರ್ಸರಿಯ ವರಮಾನವೂ ಕೃಷಿಯದೇ. ಆದರೆ ಅದೇ ಕಬ್ಬಿನ ಬಿಲ್ಲನ್ನು ಬ್ಯಾಂಕಿನಲ್ಲಿ ಮುದ್ದತಿ ಠೇವಣಿ ಇಟ್ಟರೆ ಬರುವ ಬಡ್ಡಿ ಕೃಷಿ ವರಮಾನವಲ್ಲ. ಹಾಲು, ಕೋಳಿ ಸಾಕಣೆ, ಟ್ರ್ಯಾಕ್ಟರ್ ಬಾಡಿಗೆ ಇವುಗಳಿಂದ ಬಂದದ್ದೂ ಅಲ್ಲ. ಪರಿಹಾರದ ಮೇಲಿನ ಬಡ್ಡಿಯನ್ನೂ ಇಲಾಖೆ ಈ ಎರಡನೆಯ ಸಾಲಿಗೇ ಸೇರಿಸುತ್ತದೆ.

ಇಲ್ಲಿ ಪರಿಹಾರ ಬೇರೆ, ಬಡ್ಡಿ ಬೇರೆ ಎಂಬುದನ್ನು ಚೆನ್ನಾಗಿ ತಿಳಿಯಬೇಕು. ಕೃಷಿ ಭೂಮಿಯ ಪರಿಹಾರದ ಮೂಲ ಮೊತ್ತದಲ್ಲಿ ತೆರಿಗೆ ಮುರಿಯುವಂತಿಲ್ಲ. 2013ರ ಭೂಸ್ವಾಧೀನ ಕಾಯಿದೆಯ 96ನೆಯ ಕಲಮು ಆ ಕಾಯಿದೆಯ ಮೇರೆಗೆ ಕೊಟ್ಟ ಪರಿಹಾರಕ್ಕೆ ವರಮಾನ ತೆರಿಗೆ ಇಲ್ಲವೆಂದು ಹೇಳುತ್ತದೆ. ಕೇಂದ್ರ ನೇರ ತೆರಿಗೆಗಳ ಮಂಡಳಿಯೂ 2016ರ ಅಕ್ಟೋಬರಿನ ಸುತ್ತೋಲೆಯಲ್ಲಿ ಇದನ್ನೇ ಸ್ಪಷ್ಟಪಡಿಸಿತು. ಆದರೆ ನಮ್ಮ ಹಳೆಯ ದಾವೆಗಳು 1894ರ ಕಾಯಿದೆಯವು. ಅದರ 28ನೆಯ ಕಲಮಿನಂತೆ ನ್ಯಾಯಾಲಯ ಹೆಚ್ಚಿಸಿದ ಮೊತ್ತಕ್ಕೆ ಮೊದಲ ವರ್ಷ ಶೇಕಡಾ 9, ಅಲ್ಲಿಂದ ಮುಂದೆ ಶೇಕಡಾ 15ರಂತೆ ಬಡ್ಡಿ ಸೇರುತ್ತದೆ. ದಾವೆ ಹತ್ತು ವರ್ಷ ನಡೆದರೆ ಬಡ್ಡಿಯೇ ಅಸಲನ್ನು ಮೀರುವುದು ಈ ಕಾರಣದಿಂದ. ಆ ಬಡ್ಡಿಯಲ್ಲಿ ತೆರಿಗೆ ಕಡಿತವಾಗುತ್ತದೆ: ಪಾನ್ ಸಂಖ್ಯೆ ಕೊಟ್ಟವರಿಗೆ ಶೇಕಡಾ 10, ಕೊಡದವರಿಗೆ ಶೇಕಡಾ 20. ನಮ್ಮ ಕಾಕಾನ 40 ಸಾವಿರ 80 ಸಾವಿರವಾದದ್ದು ಹೀಗೆ.

ಇನ್ನು ನಿಜವಾದ ತೆರಿಗೆ ಎಷ್ಟೆಂದು ಲೆಕ್ಕ ಹಾಕೋಣ. 2010-11ರ ತೆರಿಗೆ ನಿರ್ಧರಣಾ ವರ್ಷ ಲಾಗಾಯ್ತು ಇಂಥ ಬಡ್ಡಿಯನ್ನು, ಅದು ಎಷ್ಟು ವರ್ಷದ ಬಾಕಿಯೇ ಇರಲಿ, ಕೈಗೆ ಬಂದ ವರ್ಷದ ವರಮಾನವೆಂದೇ ಹಿಡಿಯುತ್ತಾರೆ. ಆದರೆ ಅದರಲ್ಲಿ ಅರ್ಧವನ್ನು ಖರ್ಚಿನ ಬಾಬೆಂದು ಬಿಟ್ಟುಕೊಡುತ್ತಾರೆ. ವಕೀಲರ ಫೀಯನ್ನು ಮತ್ತೆ ಬೇರೆ ಕಳೆಯಲಿಕ್ಕಾಗದು. ಅಂದರೆ 4 ಲಕ್ಷದ ಬಡ್ಡಿಯಲ್ಲಿ ಲೆಕ್ಕಕ್ಕೆ ಬರುವುದು 2 ಲಕ್ಷ ಮಾತ್ರ. ಅವರಿಗೆ ಕೃಷಿಯ ಹೊರತು ಬೇರೆ ವರಮಾನವಿರಲಿಲ್ಲ. ಆ ವರ್ಷ ಹೊಸ ಪದ್ಧತಿಯಲ್ಲಿ 3 ಲಕ್ಷದವರೆಗೆ ತೆರಿಗೆಯೇ ಇರಲಿಲ್ಲ. ಹೀಗಾಗಿ ಕೊಡಬೇಕಾದ ತೆರಿಗೆ ಸೊನ್ನೆ, ಕಡಿತವಾದದ್ದು 80 ಸಾವಿರ. ಅಷ್ಟೂ ಮರಳಿ ಬರಬೇಕಾದ ಹಣ.

ಕೃಷಿ ವರಮಾನ ಲೆಕ್ಕದಲ್ಲಿ ಎಲ್ಲಿಯೂ ಬರುವುದೇ ಇಲ್ಲವೇ ಎಂದು ಕೆಲವರು ಕೇಳುವುದುಂಟು. 1972ರ ಕೆ. ಎನ್. ರಾಜ್ ಸಮಿತಿಯ ಶಿಫಾರಸಿನ ಬೆನ್ನಿಗೆ 1973ರಲ್ಲಿ ಒಂದು ಕ್ರಮ ಬಂತು. ಇತರ ವರಮಾನ ವಿನಾಯಿತಿಯ ಮಿತಿಯನ್ನು ದಾಟಿದ್ದು, ಕೃಷಿಯ ನಿವ್ವಳ ವರಮಾನ 5 ಸಾವಿರಕ್ಕಿಂತ ಹೆಚ್ಚಿದ್ದರೆ, ತೆರಿಗೆಯ ದರವನ್ನು ಗೊತ್ತುಪಡಿಸಲು ಮಾತ್ರ ಕೃಷಿ ವರಮಾನವನ್ನು ಕೂಡಿಸಿ ನೋಡುತ್ತಾರೆ. ಇತರ ವರಮಾನ ಮಿತಿಯೊಳಗೇ ಇರುವವರಿಗೆ ಇದರ ಬಾಧೆಯಿಲ್ಲ. 2025-26ರ ವರಮಾನಕ್ಕೆ ಆ ಮಿತಿ ಹೊಸ ಪದ್ಧತಿಯಲ್ಲಿ 4 ಲಕ್ಷ. ಹಳೆಯ ಪದ್ಧತಿಯಲ್ಲಿ 60 ವರ್ಷದೊಳಗಿನವರಿಗೆ ಎರಡೂವರೆ ಲಕ್ಷ.

ಬ್ಯಾಂಕಿನ ಬಡ್ಡಿಯದೂ ಇದೇ ದಾರಿ. 2025ರ ಏಪ್ರಿಲಿನಿಂದ ಒಂದು ಬ್ಯಾಂಕಿನ ಠೇವಣಿ ಬಡ್ಡಿ ವರ್ಷಕ್ಕೆ 50 ಸಾವಿರ ದಾಟಿದರೆ, 60 ತುಂಬಿದವರಿಗೆ 1 ಲಕ್ಷ ದಾಟಿದರೆ, ಕಡಿತ ಶುರುವಾಗುತ್ತದೆ. ಕಡಿತವಾಗುವುದು ದಾಟಿದ ಭಾಗದ ಮೇಲಲ್ಲ, ಪೂರ್ತಿ ಬಡ್ಡಿಯ ಮೇಲೆ. 60 ಸಾವಿರ ಬಡ್ಡಿಗೆ 6 ಸಾವಿರ ಹೋಯಿತು ಎನ್ನಿ. ಇದನ್ನು ತಡೆಯುವ ಉಪಾಯ ಸುಲಭ. ವರ್ಷದ ವರಮಾನಕ್ಕೆ ತೆರಿಗೆಯೇ ಬೀಳದವರು ಏಪ್ರಿಲ್ ತಿಂಗಳಲ್ಲೇ ಬ್ಯಾಂಕಿಗೆ ಹೋಗಿ ಹಾಗೆಂದು ಘೋಷಣಾ ಪತ್ರ ಬರೆದುಕೊಡಬೇಕು. 60ರೊಳಗಿನವರ ಪತ್ರ 15-ಜಿ ಎಂದೂ ಹಿರಿಯರದು 15-ಎಚ್ ಎಂದೂ ಹೆಸರಾಗಿದ್ದವು. ಹೊಸ ಕಾಯಿದೆಯಲ್ಲಿ ಯಾವ ನಮೂನೆ ಎಂದು ಬ್ಯಾಂಕಿನಲ್ಲಿಯೇ ಕೇಳಿ ತುಂಬಿರಿ. ಪ್ರತಿವರ್ಷವೂ, ಠೇವಣಿ ಇರುವ ಪ್ರತಿಯೊಂದು ಬ್ಯಾಂಕಿನಲ್ಲಿಯೂ ಕೊಡಬೇಕು. ತೆರಿಗೆ ಬೀಳುವಷ್ಟು ವರಮಾನವಿದ್ದೂ ಬರೆದುಕೊಟ್ಟರೆ ಅದು ಅಪರಾಧವಾದೀತು. ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘದಲ್ಲಿಟ್ಟ ಠೇವಣಿಯ ಬಡ್ಡಿಯಲ್ಲಿ ಕಡಿತವಿಲ್ಲ. ಆದರೆ ಕಡಿತವಿಲ್ಲವೆಂದರೆ ಅದು ವರಮಾನವೇ ಅಲ್ಲವೆಂದಲ್ಲ, ಲೆಕ್ಕದಲ್ಲಿ ತೋರಿಸಲೇಬೇಕು. ದೊಡ್ಡ ಮೊತ್ತದ ಪರಿಹಾರ ಬರಲಿದೆಯೆಂದು ಮೊದಲೇ ತಿಳಿದವರು ತೆರಿಗೆ ಅಧಿಕಾರಿಗೆ ಅರ್ಜಿ ಹಾಕಿ, ಕಡಿಮೆ ದರದಲ್ಲಿ ಕಡಿತ ಮಾಡುವಂತೆ ಪ್ರಮಾಣಪತ್ರ ಪಡೆಯುವ ಅವಕಾಶವೂ ಇದೆ.

ಕಡಿತವಾಗಿಯೇ ಹೋಗಿದ್ದರೆ ರಿಟರ್ನ್ ಸಲ್ಲಿಸುವುದೊಂದೇ ದಾರಿ. ತೆರಿಗೆ ಬೀಳುವುದಿಲ್ಲ, ನನಗೇಕೆ ರಿಟರ್ನ್ ಎಂಬ ಮಾತು ನಡೆಯದು. 2022ರ ನಿಯಮದಂತೆ ವರ್ಷದಲ್ಲಿ ಕಡಿತವಾದ ತೆರಿಗೆ 25 ಸಾವಿರ ಮುಟ್ಟಿದರೆ, ಹಿರಿಯ ನಾಗರಿಕರಿಗೆ 50 ಸಾವಿರ ಮುಟ್ಟಿದರೆ, ರಿಟರ್ನ್ ಸಲ್ಲಿಸುವುದು ಕಡ್ಡಾಯವೇ ಆಗಿದೆ. ಸಾಮಾನ್ಯವಾಗಿ ಇದರ ಕೊನೆಯ ದಿನ ಜುಲೈ 31. ತಪ್ಪಿದರೆ ಡಿಸೆಂಬರ್ 31ರವರೆಗೆ ತಡವಾದ ರಿಟರ್ನ್ ಸಲ್ಲಿಸಬಹುದು. ಸಲ್ಲಿಸಲೇಬೇಕಾದವರು ತಡಮಾಡಿದರೆ 5 ಲಕ್ಷದವರೆಗಿನ ವರಮಾನಕ್ಕೆ 1 ಸಾವಿರ ರೂಪಾಯಿ ಶುಲ್ಕ ತೆರಬೇಕು. ಹದ ಬಂದಾಗ ಹರಗು, ಬೆದೆ ಬಂದಾಗ ಬಿತ್ತು ಎಂಬ ಮಾತು ಹೊಲಕ್ಕೆ ಎಷ್ಟು ಸರಿಯೋ ಈ ಕಾಗದಕ್ಕೂ ಅಷ್ಟೇ ಸರಿ.

ರಿಟರ್ನ್ ತುಂಬುವ ಮೊದಲು ನೋಡಬೇಕಾದ ಕಾಗದ 26-ಎಎಸ್ ಎಂಬ ಪಟ್ಟಿ. ನಿಮ್ಮ ಪಾನ್ ಸಂಖ್ಯೆಯ ಹೆಸರಿನಲ್ಲಿ ಯಾರು ಎಷ್ಟು ತೆರಿಗೆ ಮುರಿದು ಜಮಾ ಮಾಡಿದ್ದಾರೆಂಬುದು ಅದರಲ್ಲಿರುತ್ತದೆ. ಹಣ ಮುರಿದುಕೊಂಡ ಕಚೇರಿ ತನ್ನ ತ್ರೈಮಾಸಿಕ ಪಟ್ಟಿಯಲ್ಲಿ ನಿಮ್ಮ ಸಂಖ್ಯೆಯನ್ನು ಬರೆಯದಿದ್ದರೆ, ಒಂದು ಅಕ್ಷರ ತಪ್ಪಿ ಬರೆದಿದ್ದರೆ, ನಿಮ್ಮ ಹಣ ನಿಮ್ಮ ಖಾತೆಯಲ್ಲಿ ಕಾಣುವುದಿಲ್ಲ. ಆಗ ಆ ಕಚೇರಿಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು, ಪಟ್ಟಿಯನ್ನು ತಿದ್ದಿ ಸಲ್ಲಿಸುವಂತೆ ಕೇಳಬೇಕು. ಅರ್ಜಿಯ ನಕಲಿನ ಮೇಲೆ ಮುಟ್ಟಿದ ಶಿಕ್ಕಾ ಹಾಕಿಸಿಕೊಳ್ಳಿರಿ. ತಿದ್ದುಪಡಿಗೂ ಕಾಲಮಿತಿ ಇರುವುದರಿಂದ ನಾಳೆ ನಾಡಿದ್ದು ಎನ್ನಬಾರದು. ಕಡಿತದ ಪ್ರಮಾಣಪತ್ರ 16-ಎ ಕೇಳಿ ಪಡೆಯುವುದು ನಿಮ್ಮ ಹಕ್ಕು.

ನಮೂನೆಯ ಆಯ್ಕೆಯಲ್ಲಿಯೂ ಎಚ್ಚರ ಬೇಕು. ಕೃಷಿ ವರಮಾನ 5 ಸಾವಿರ ದಾಟಿದವರು ಸರಳ ನಮೂನೆ ಒಂದನ್ನು ಬಳಸುವಂತಿಲ್ಲ. ವ್ಯಾಪಾರದ ವರಮಾನವಿಲ್ಲದ ರೈತರಿಗೆ ನಮೂನೆ ಎರಡು. ಕೃಷಿ ವರಮಾನ 5 ಲಕ್ಷ ದಾಟಿದರೆ ಜಮೀನಿನ ಜಿಲ್ಲೆ, ಪಿನ್ ಕೋಡ್, ಎಕರೆ, ಸ್ವಂತದ್ದೋ ಲಾವಣಿಯದೋ, ನೀರಾವರಿಯೋ ಮಳೆಯಾಶ್ರಿತವೋ ಎಂಬ ವಿವರವನ್ನೂ ಬರೆಯಬೇಕು. ಉತಾರ, ಕಬ್ಬಿನ ಬಿಲ್ಲು, ಮಾರುಕಟ್ಟೆಯ ಪಟ್ಟಿಗಳನ್ನು ಒಂದು ಚೀಲದಲ್ಲಿ ಕೂಡಿಟ್ಟವರಿಗೆ ಇದು ಕಷ್ಟದ ಕೆಲಸವಲ್ಲ.

ಸಲ್ಲಿಸಿದ ಮೇಲೆ 30 ದಿನದೊಳಗೆ ಅದನ್ನು ದೃಢೀಕರಿಸಬೇಕು. ಆಧಾರಿಗೆ ಜೋಡಿಸಿದ ಮೊಬೈಲಿಗೆ ಬರುವ ಗುಪ್ತಸಂಖ್ಯೆಯಿಂದ ಮಾಡಬಹುದು, ಇಲ್ಲವೇ ಸಹಿ ಮಾಡಿದ ಹಾಳೆಯನ್ನು ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಬಹುದು. ದೃಢೀಕರಿಸದ ರಿಟರ್ನ್ ಬಿತ್ತದೆ ಉಳಿದ ಬೀಜದ ಹಾಗೆ. ಮನೆಯಲ್ಲಿದ್ದೂ ಬೆಳೆ ಕೊಡುವುದಿಲ್ಲ.

ಇನ್ನು ಕಾಯುವ ಮಾತು. ಕೆಲವರಿಗೆ ವಾರಗಳಲ್ಲೇ ಹಣ ಬರುತ್ತದೆ, ಕೆಲವರಿಗೆ ತಿಂಗಳುಗಳು ಹಿಡಿಯುತ್ತವೆ. ಸಲ್ಲಿಸಿದ ಹಣಕಾಸು ವರ್ಷ ಮುಗಿದ ಮೇಲೆ 9 ತಿಂಗಳವರೆಗೆ ಲೆಕ್ಕ ತೀರಿಸಿ ತಿಳಿಸಲು ಇಲಾಖೆಗೆ ಅವಕಾಶವಿದೆ. 2025ರ ಜುಲೈಯಲ್ಲಿ ಸಲ್ಲಿಸಿದ್ದಕ್ಕೆ 2026ರ ಡಿಸೆಂಬರ್ ಕೊನೆಯವರೆಗೂ ಕಾಲವಿದೆ ಎಂದಾಯಿತು. ತಡವಾದುದಕ್ಕೆ ಬಡ್ಡಿಯೂ ಉಂಟು: ತಿಂಗಳಿಗೆ ನೂರಕ್ಕೆ ಅರ್ಧ ರೂಪಾಯಿ. ವೇಳೆಗೆ ಸರಿಯಾಗಿ ಸಲ್ಲಿಸಿದವರಿಗೆ ಏಪ್ರಿಲ್ 1ರಿಂದ, ತಡವಾಗಿ ಸಲ್ಲಿಸಿದವರಿಗೆ ಸಲ್ಲಿಸಿದ ದಿನದಿಂದ ಅದನ್ನು ಎಣಿಸುತ್ತಾರೆ. 40 ಸಾವಿರಕ್ಕೆ ತಿಂಗಳಿಗೆ 200 ರೂಪಾಯಿ. ಅದೇ ರೈತ ಬೀಜ ಗೊಬ್ಬರಕ್ಕೆಂದು ಊರಲ್ಲಿ ನೂರಕ್ಕೆ ಎರಡು ರೂಪಾಯಿಯಂತೆ 40 ಸಾವಿರ ಕೈಗಡ ತಂದರೆ ತಿಂಗಳಿಗೆ 800 ಕಟ್ಟುತ್ತಾನೆ. ತನ್ನ ಹಣ ಅಲ್ಲಿ, ತಾನು ಸಾಲಗಾರ ಇಲ್ಲಿ. ಆದುದರಿಂದ ಈ ವಿಷಯ ಬರೀ ಪಟ್ಟಣದ ನೌಕರದಾರರದೆಂದು ತಿಳಿಯಬಾರದು. ಇದು ನಮ್ಮ ಬಿತ್ತನೆಯ ಬಂಡವಾಳದ ವಿಷಯ.

ಹಣ ತಡವಾದರೆ ಮೊದಲು ಮೂರು ಕಡೆ ನೋಡಿರಿ. ಒಂದನೆಯದು, ಪಾನ್ ಮತ್ತು ಆಧಾರ್ ಜೋಡಣೆ. ಜೋಡಿಸಬೇಕಾಗಿದ್ದೂ ಜೋಡಿಸದ ಪಾನ್ 2023ರ ಜುಲೈ 1ರಿಂದ ನಿಷ್ಕ್ರಿಯವಾಗಿದೆ. ಅಂಥವರಿಗೆ ಮರುಪಾವತಿ ಇಲ್ಲ, ಕಡಿತವೂ ಹೆಚ್ಚಿನ ದರದಲ್ಲಿ. ಒಂದರಲ್ಲಿ ಅಡ್ಡಹೆಸರು ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಜೋಡಣೆಯೇ ಆಗುವುದಿಲ್ಲ. ಎರಡನೆಯದು, ಬ್ಯಾಂಕ್ ಖಾತೆ. 2019ರ ಮಾರ್ಚಿನಿಂದ ಮರುಪಾವತಿ ನೇರವಾಗಿ ಖಾತೆಗೇ ಜಮೆಯಾಗುತ್ತದೆ. ಆ ಖಾತೆಯನ್ನು ಇಲಾಖೆಯ ತಾಣದಲ್ಲಿ ಮೊದಲೇ ಖಚಿತಪಡಿಸಿರಬೇಕು. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲಿನಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿತು. ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಒಂದಾಯಿತು. ಹಳೆಯ ಪಾಸ್‌ಬುಕ್ಕಿನ ಐ.ಎಫ್.ಎಸ್.ಸಿ. ಸಂಖ್ಯೆಯನ್ನೇ ಬರೆದು ಕುಳಿತರೆ ಹಣ ಬಾಗಿಲಿಗೆ ಬಂದು ಹಿಂದಿರುಗೀತು. ಮೂರನೆಯದು, ಹಳೆಯ ಬಾಕಿ. ಇಲಾಖೆಯ ಪುಸ್ತಕದಲ್ಲಿ ನಿಮ್ಮ ಹೆಸರಿನಲ್ಲಿ ಬಾಕಿ ಇದ್ದರೆ ಮೊದಲು ತಿಳುವಳಿಕೆ ಪತ್ರ ಬರುತ್ತದೆ. ಅದಕ್ಕೆ ಉತ್ತರಿಸದಿದ್ದರೆ ಮರುಪಾವತಿಯನ್ನು ಅದರಲ್ಲಿ ವಜಾ ಮಾಡಿಕೊಳ್ಳುತ್ತಾರೆ.

ಗಡುವು ಎಲ್ಲವೂ ಮೀರಿದವರು ನಿರಾಶರಾಗಬೇಕಾಗಿಲ್ಲ. ಯೋಗ್ಯ ಕಾರಣ ತೋರಿಸಿ ವಿಳಂಬವನ್ನು ಮನ್ನಿಸುವಂತೆ ಆದಾಯ ತೆರಿಗೆ ಆಯುಕ್ತರಿಗೆ ಅರ್ಜಿ ಹಾಕಬಹುದು. 2024ರ ಅಕ್ಟೋಬರ್ 1ರ ಸುತ್ತೋಲೆಯ ಪ್ರಕಾರ ನಿರ್ಧರಣಾ ವರ್ಷ ಮುಗಿದು 5 ವರ್ಷದವರೆಗೆ ಈ ಬಾಗಿಲು ತೆರೆದಿರುತ್ತದೆ. ಆದರೆ ಇದು ಮನ್ನಣೆ, ಹಕ್ಕಲ್ಲ. "ಅಪ್‌ಡೇಟೆಡ್ ರಿಟರ್ನ್" ಎಂಬ ಹೊಸ ಸವಲತ್ತು ಮರುಪಾವತಿ ಕೇಳಲು ನಡೆಯುವುದಿಲ್ಲವೆಂಬುದೂ ನೆನಪಿರಲಿ. ಪರಿಹಾರದ ಬಡ್ಡಿಗೆ ತೆರಿಗೆ ಇದೆಯೇ ಇಲ್ಲವೇ ಎಂಬ ಬಗ್ಗೆ ಹೈಕೋರ್ಟುಗಳಲ್ಲಿ ಭಿನ್ನ ತೀರ್ಪುಗಳೂ ಆಗಿವೆ. ಮೊತ್ತ ದೊಡ್ಡದಿದ್ದರೆ ನನ್ನಂಥ ಕೃಷಿ ಪದವೀಧರನ ಮಾತಿನ ಮೇಲೆ ನಿಲ್ಲದೆ ಒಬ್ಬ ನಂಬಿಗಸ್ತ ಲೆಕ್ಕಪರಿಶೋಧಕರನ್ನು ಕಾಣಿರಿ.

ನಂಬಿಗಸ್ತ ಎಂಬ ಮಾತನ್ನು ಒತ್ತಿ ಹೇಳುತ್ತೇನೆ. ಇಲ್ಲದ ವಿಮೆ, ಕೊಡದ ದೇಣಿಗೆ, ಕಟ್ಟದ ಮನೆಸಾಲ ತೋರಿಸಿ ಹೆಚ್ಚು ಹಣ ತಂದುಕೊಡುತ್ತೇನೆ, ನನಗಿಷ್ಟು ಪಾಲು ಕೊಡು ಎನ್ನುವ ದಲಾಲರಿದ್ದಾರೆ. 2025ರ ಜುಲೈಯಲ್ಲಿ ಇಲಾಖೆ ಇಂಥ ಸುಳ್ಳು ಕಡಿತಗಳ ಮೇಲೆ ದೇಶದಾದ್ಯಂತ ತಪಾಸಣೆ ನಡೆಸಿತು. ಸಿಕ್ಕಿಬಿದ್ದಾಗ ದಂಡ ಕಟ್ಟುವವ ಸಹಿ ಮಾಡಿದ ರೈತ, ದಲಾಲನಲ್ಲ. ಮರುಪಾವತಿ ಬಂದಿದೆ, ಈ ಕೊಂಡಿ ಒತ್ತಿರಿ ಎಂದು ಮೊಬೈಲಿಗೆ ಬರುವ ಸಂದೇಶಗಳೂ ಅಷ್ಟೇ ಅಪಾಯದವು. ಇಲಾಖೆ ನಿಮ್ಮ ಗುಪ್ತಸಂಖ್ಯೆಯನ್ನು ಎಂದೂ ಕೇಳುವುದಿಲ್ಲ.

ರೈತರಿಗೆ ಇಷ್ಟು ಹೇಳಿದ ಮೇಲೆ ಕಚೇರಿಗಳಿಗೂ ಎರಡು ಮಾತು ಹೇಳುವುದು ನ್ಯಾಯ. ಪರಿಹಾರದ ಹಣ ಕೊಡುವ ಕಚೇರಿಗಳು ಉತಾರ, ಆಧಾರ್, ಪಾಸ್‌ಬುಕ್ ಎಲ್ಲವನ್ನೂ ಮೂರು ಮೂರು ಪ್ರತಿ ಕೇಳುತ್ತವೆ. ಅದೇ ಪಟ್ಟಿಯಲ್ಲಿ ಪಾನ್ ಎಂಬ ಒಂದು ಸಾಲು ಸೇರಿಸಿ, ಕೊಡದಿದ್ದರೆ ಕಡಿತ ಇಮ್ಮಡಿಯಾಗುತ್ತದೆ ಎಂದು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದರೆ ಎಷ್ಟೋ ಮನೆಗಳ ಹಣ ಉಳಿಯುತ್ತದೆ. ಹಣದ ಜೊತೆಗೇ ಕಡಿತದ ಪ್ರಮಾಣಪತ್ರವನ್ನೂ ಮುಂದೆ ಏನು ಮಾಡಬೇಕೆಂಬ ಒಂದು ಚೀಟಿಯನ್ನೂ ಕೊಡುವ ಏರ್ಪಾಡಾಗಬೇಕು. ಇದಕ್ಕೆ ಹೊಸ ಕಾಯಿದೆ ಬೇಡ, ಮನಸ್ಸು ಸಾಕು.

ನಮ್ಮ ಸಹಕಾರಿ ಸಂಘಗಳೂ ಈ ಕೆಲಸಕ್ಕೆ ಕೈಹಚ್ಚಬೇಕು. 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನೇ ಕಟ್ಟಿ ಊರೂರಿಗೆ ದೀಪ ಹಚ್ಚಿದ ತಾಲೂಕು ಹುಕ್ಕೇರಿ. 2023ರಲ್ಲಾದ ಒಪ್ಪಂದದಂತೆ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು ಸಾಮಾನ್ಯ ಸೇವಾ ಕೇಂದ್ರಗಳಾಗಿಯೂ ಕೆಲಸ ಮಾಡಬಹುದು. ಜೂನ್ ಜುಲೈ ತಿಂಗಳಲ್ಲಿ ವಾರಕ್ಕೊಂದು ದಿನ, ಸಂತೆಯ ದಿನವೇ ಆಗಲಿ, ಸಂಘದ ಕಟ್ಟೆಯ ಮೇಲೆ ಒಬ್ಬ ತಿಳಿದವರನ್ನು ಕೂರಿಸಿ, ಸದಸ್ಯರ 26-ಎಎಸ್ ತೆಗೆದು ತೋರಿಸಿದರೆ ಸಾಕು. ಯಾರ ಹಣ ಎಲ್ಲಿ ನಿಂತಿದೆಯೆಂದು ಊರಿಗೇ ಗೊತ್ತಾಗುತ್ತದೆ.

ಕಾಕಾನ ಕಾಗದದ ಗತಿ ಏನಾಯಿತೆಂದು ನೀವು ಕೇಳಬಹುದು. ಅವರ ಎರಡು ಗಡುವೂ ದಾಟಿದ್ದವು. ಮಗನನ್ನು ಕರೆಸಿ, ಪಟ್ಟಿಯನ್ನು ತಿದ್ದುವಂತೆ ಹಣ ಕೊಟ್ಟ ಕಚೇರಿಗೊಂದು ಅರ್ಜಿ, ವಿಳಂಬ ಮನ್ನಿಸುವಂತೆ ಆಯುಕ್ತರಿಗೊಂದು ಅರ್ಜಿ ಬರೆಸಿದೆವು. ಇದನ್ನು ಬರೆಯುವವರೆಗೆ ಹಣ ಬಂದಿಲ್ಲ. ಕಂಡಾಗಲೆಲ್ಲ "ಬೆಂಗಳೂರಿನ ಮಳಿ ಇನ್ನೂ ನಮ್ಮ ಕಡೆ ಹೊಳ್ಳಿಲ್ರಿ ಸಾಹೇಬ್ರ" ಎನ್ನುತ್ತಾರೆ. ಬೀಜದ ಚೀಲವನ್ನು ಅವರು ಆ ವರ್ಷ ಕೈಗಡದ ಹಣದಿಂದ ಒಯ್ದರು.

ಪಾನ್ ಕಾರ್ಡ್ ಅವರ ಮನೆಯ ಪೆಟ್ಟಿಗೆಯಲ್ಲೇ ಇತ್ತು. ನಿಮ್ಮದು ಎಲ್ಲಿದೆಯೆಂದು ಇಂದೇ ಹುಡುಕಿರಿ. ಹೆಸರು ಸರಿಯಿದೆಯೇ, ಆಧಾರಿಗೆ ಜೋಡಿಸಿದೆಯೇ ನೋಡಿಕೊಳ್ಳಿರಿ. ನಿಮ್ಮ ಹಣದಲ್ಲಿ ಒಂದು ರೂಪಾಯಿ ಯಾರೇ ಮುರಿದುಕೊಂಡಿರಲಿ, ಜುಲೈ 31ರೊಳಗೆ ಅದರ ಲೆಕ್ಕ ಕೇಳಿರಿ.